ಸತ್ಯಾಂಶ: ತೊಟ್ಟಿ ಚಿಕ್ಕದಿದ್ದರೆ ಮೀನೂ ಚಿಕ್ಕದಾಗಿಯೇ ಉಳಿಯುತ್ತದೆಯೇ?

‘ಮೀನು ತೊಟ್ಟಿಯ ಅಳತೆಗೆ ತಕ್ಕಷ್ಟೇ ಬೆಳೆಯುತ್ತದೆ, ಯಾವ ಮೀನನ್ನಾದರೂ ತನ್ನಿ’ ಎಂಬ ಸಂದೇಶ ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಬೆರಳುದ್ದ ಕಾಣುವ ಆಸ್ಕರ್ ಮೀನು ಸುಮಾರು 30 ಸೆಂ.ಮೀ. ಬೆಳೆಯುತ್ತದೆ. ‘ಶಾರ್ಕ್’ ಹೆಸರಲ್ಲಿ ಮಾರುವ ಪಂಗಾಸಿಯಸ್ ಶಾರ್ಕ್ ಅಲ್ಲವೇ ಅಲ್ಲ. ಅದೂ ರೆಡ್‌ಟೇಲ್ ಕ್ಯಾಟ್‌ಫಿಶ್ಶೂ ಒಂದು ಮೀಟರ್ ದಾಟಬಲ್ಲವು. ಅವು ಫ್ಲ್ಯಾಟಿಗೆ ಬೇಡವೇ ಬೇಡ.

ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಗ್ಗುವುದು ನಿಜ, ಆದರೆ ಅದು ಹೊಂದಾಣಿಕೆಯಲ್ಲ, ಅನಾರೋಗ್ಯ. ಮೀನು ಹೊರಹಾಕುವ ವಿಷಕಾರಿ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿ, ಆಮೇಲೆ ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುತ್ತದೆ. 2×1×1 ಅಡಿ ತೊಟ್ಟಿಯಲ್ಲಿರುವುದು ಹೆಚ್ಚೆಂದರೆ 56 ಲೀಟರ್ ನೀರು. ದೊಡ್ಡ ಮೀನಿನ ಹೊಲಸಿಗೆ ಅದು ಸಾಲದು. ಬೆನ್ನು ಡೊಂಕಾಗಬಹುದು, ಆಯುಸ್ಸು ಕಡಿಮೆಯಾಗಬಹುದು. (‘ಮೈ ಬೆಳೆಯುವುದು ನಿಂತರೂ ಒಳಗಿನ ಅಂಗಗಳು ಬೆಳೆದು ಒಡೆಯುತ್ತವೆ’ ಎಂಬ ಇನ್ನೊಂದು ಫಾರ್ವರ್ಡ್‌ಗೂ ಗಟ್ಟಿ ಆಧಾರವಿಲ್ಲ.)

ಒಂದು ಆಸ್ಕರ್‌ಗೆ ಕನಿಷ್ಠ 4×1.5×1.5 ಅಡಿ ತೊಟ್ಟಿ ಬೇಕು. ತುಂಬಿದರೆ ನೀರಿನದ್ದೇ ಸುಮಾರು 255 ಕಿಲೋ ಭಾರ. ಆದ್ದರಿಂದ ಗೋಡೆಗೆ ಒತ್ತಿ ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಗಾಜಿನಡಿ ಥರ್ಮಾಕೋಲ್ ಹಾಸಿ. ವಾರಕ್ಕೊಮ್ಮೆ ಮೂರರಲ್ಲೊಂದು ಪಾಲು, ಅಂದರೆ 85 ಲೀಟರಿನಷ್ಟು ನೀರು ಬದಲಿಸಿ. ನಲ್ಲಿ ನೀರಿನಲ್ಲಿ ಮೀನಿಗೆ ಹಾನಿ ಮಾಡುವ ಕ್ಲೋರಿನ್ ಇರುತ್ತದೆ. ಬಾಟಲಿಯ ಮೇಲಿನ ಅಳತೆಯಂತೆ ಆ್ಯಂಟಿ-ಕ್ಲೋರಿನ್ ಬೆರೆಸಿಯೇ ಸುರಿಯಿರಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ತೊಳೆದರೆ ಬ್ಯಾಕ್ಟೀರಿಯಾ ಸಾಯಬಹುದು. ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ.

ಸಾಕಲಾಗದಿದ್ದರೆ ಪೊವಾಯಿ ಕೆರೆಗೆ ಬಿಡಬೇಡಿ. ಹೀಗೆ ಬಿಟ್ಟ ಸಕ್ಕರ್ ಮೀನುಗಳು (ತೊಟ್ಟಿಯ ಪಾಚಿ ತಿನ್ನಲೆಂದು ಸಾಕುವಂಥವು) ದೇಶದ ಹಲವು ಕೆರೆಗಳಲ್ಲಿ ಬೇರೂರಿವೆ. ಅಂಗಡಿಯವರಿಗೇ ಹಿಂತಿರುಗಿಸಿ, ಇಲ್ಲವೇ ದೊಡ್ಡ ತೊಟ್ಟಿಯಿರುವವರಿಗೆ ಕೊಡಿ.