ತೂಕದ ಪುಸ್ತಕಗಳು

ಈ ಸಾಲುಗಳನ್ನು ಬರೆಯುತ್ತಿರುವ ಹೊತ್ತಿಗೂ ನನ್ನ ಸೊಂಟ ನೆಟ್ಟಗಾಗಿಲ್ಲ. ವಯಸ್ಸಿನ ಮೇಲೆ ಹೊರಿಸೋಣವೆಂದರೆ ಸಾಕ್ಷಿಗಳು ಒಪ್ಪುವುದಿಲ್ಲ. ಮೊನ್ನೆ ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಪುಸ್ತಕಗಳನ್ನು ಎದೆಗವಚಿಕೊಂಡು ತೂಕದ ಯಂತ್ರವನ್ನು 29 ಸಲ ಹತ್ತಿ 29 ಸಲ ಇಳಿದದ್ದನ್ನು ಮನೆಮಂದಿಯೆಲ್ಲ ಕಂಡಿದ್ದಾರೆ. ಕೊಂಡ ಪುಸ್ತಕಗಳನ್ನು ಮುಂದೊಂದು ದಿನ ಹೀಗೆ ಹೊರಬೇಕಾಗುತ್ತದೆಂದು ಮೊದಲೇ ತಿಳಿದಿದ್ದರೆ ನಾನು ಕಾದಂಬರಿಗಳನ್ನು ಬಿಟ್ಟು ಹನಿಗವನಗಳಿಗೇ ನಿಷ್ಠನಾಗಿರುತ್ತಿದ್ದೆ.

ಇದಕ್ಕೆಲ್ಲ ಮೂಲ ಕಪಾಟಿನ ಮೂರನೆಯ ಹಲಗೆ. ಅದು ಮೂರು ವರ್ಷಗಳಿಂದ ಬಾಗುತ್ತಲೇ ಇತ್ತು. ಬಂದವರು ಬೆರಳು ಮಾಡಿ ತೋರಿಸಿದಾಗಲೆಲ್ಲ, ವಿದ್ಯೆಯ ಭಾರಕ್ಕೆ ವಿನಯದಿಂದ ತಲೆಬಾಗಿದೆ ಎಂದು ನಾನು ಹೇಳಿ, ನಾನೇ ನಗುತ್ತಿದ್ದೆ. ಕಳೆದ ವಾರ ನಡುರಾತ್ರಿಯಲ್ಲಿ ಆ ವಿನಯ ಮಿತಿಮೀರಿ, ಹಲಗೆ ಕಳಚಿಕೊಂಡು ನಾಲ್ಕನೆಯದರ ಮೇಲೆ ಕುಸಿಯಿತು. ನಾಲ್ಕನೆಯದು, ಮೇಲಿನಿಂದ ಬಂದ ಕಡತವನ್ನು ಕೈಯಲ್ಲಿಟ್ಟುಕೊಳ್ಳಲೊಲ್ಲದ ಗುಮಾಸ್ತನಂತೆ, ಆ ಭಾರವನ್ನು ಹಾಗೆಯೇ ಐದನೆಯದಕ್ಕೆ ಸಾಗಹಾಕಿತು. ನನ್ನ ಹೆಂಡತಿ ಎದ್ದು ಬಂದು ದೀಪ ಹಾಕಿದಳು, ನೋಡಿದಳು, ದೀಪ ಆರಿಸಿ ಹೋಗಿ ಮಲಗಿದಳು. ಬೈದಿದ್ದರೆ ಎದುರು ಮಾತನಾಡಬಹುದಿತ್ತು. ಒಂದೂ ಮಾತಾಡದೆ ದೀಪ ಆರಿಸುವವರೊಡನೆ ವಾದ ಮಾಡುವುದು ಹೇಗೆಂದು ನನ್ನ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ.

ಬೆಳಿಗ್ಗೆ ಅವಳು ತನ್ನ ತಮ್ಮನಿಗೆ ಫೋನ್ ಮಾಡಿದ್ದು ಮಾತ್ರ ಕೇಳಿಸಿತು.

ಪುಸ್ತಕಗಳನ್ನು ಇಟ್ಟುಕೊಳ್ಳಬೇಕೋ ಕೊಟ್ಟುಬಿಡಬೇಕೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಹೊಸದೇನೂ ಅಲ್ಲ. ಪುಸ್ತಕವಿರುವ ಯಾವ ಮನೆಯಲ್ಲಿಯೂ ಹೊಸದಾಗಿರಲಾರದು. ಎರಡು ಕಡೆಯವರ ವಾದಗಳೂ ಎಷ್ಟು ಬಾಯಿಪಾಠವಾಗಿವೆಯೆಂದರೆ, ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರೇ ಎರಡನ್ನೂ ನಡೆಸಿಕೊಂಡು ಹೋಗಬಹುದು. ಈ ಸಲ ಆಧಾರಸಮೇತ ಹೋರಾಡೋಣವೆಂದು ನಾನು ಗ್ರಂಥಾಲಯ ವಿಜ್ಞಾನದ ಮೊರೆಹೊಕ್ಕೆ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯವು ಬೆಳೆಯುವ ಜೀವಿ ಎನ್ನುತ್ತದೆ. ಬೆಳೆಯುವ ಜೀವಿಯನ್ನು ಕತ್ತರಿಸುವುದು ಹಿಂಸೆಯಲ್ಲವೇ ಎಂದು ನಾನು ಕೇಳಿದೆ. "ಬೆಳೆಯುವ ಜೀವಿಗಳು ಒಂದು ವಯಸ್ಸಾದ ಮೇಲೆ ಮನೆ ಬಿಟ್ಟು ತಮ್ಮ ದಾರಿ ತಾವು ನೋಡಿಕೊಳ್ಳುತ್ತವೆ" ಎಂದಳು ಹೆಂಡತಿ. ಅದೇ ಪಟ್ಟಿಯ ಮೊದಲ ಸೂತ್ರ, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದನ್ನು ಅವಳು ಹುಡುಕಿ ತೆಗೆಯುವುದಕ್ಕೆ ಮುಂಚೆ ನಾನು ವಿಷಯ ಬದಲಿಸಿದೆ.

ಭಾವಮೈದುನ ಭಾನುವಾರ ಬಂದ. ಅವನ ಬಗ್ಗೆ ನನಗೆ ದ್ವೇಷವಿಲ್ಲ, ಆದರೆ ಅಳೆಯದೆ ಯಾವುದನ್ನೂ ನಂಬದ ಅವನ ಸ್ವಭಾವವನ್ನು ಸಹಿಸುವುದಕ್ಕೆ ಸಂತರ ಸಂಯಮ ಬೇಕು. ಮಳೆ ಬಂದರೆ ಎಷ್ಟು ಮಿಲಿಮೀಟರ್ ಎನ್ನುತ್ತಾನೆ. ಯಾರಾದರೂ ತಲೆನೋವೆಂದರೆ ಎಷ್ಟು ಗಂಟೆಯಿಂದ ಎಂದು ಬರೆದುಕೊಳ್ಳುತ್ತಾನೆ. ತನ್ನ ಮದುವೆಯ ಮಂಟಪದಲ್ಲಿ ಕುಳಿತಿದ್ದಾಗಲೂ ಅದರ ಕಂಬಗಳ ನಡುವಿನ ಅಂತರವನ್ನು ಗೇಣಿನಿಂದ ಅಳೆಯುತ್ತಿದ್ದನೆಂದು ನನ್ನ ಹೆಂಡತಿಯೇ ಹೆಮ್ಮೆಯಿಂದ ಹೇಳುತ್ತಾಳೆ. ಬಂದವನು ನನಗೆ ಸಾಂತ್ವನ ಹೇಳದೆ ಮುರಿದ ಹಲಗೆಗೆ ಟೇಪು ಹಿಡಿದ. "ಭಾವ, ಇದು ಮರವೇ ಅಲ್ಲ, ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ್ದು. ಭಾರ ಹೆಚ್ಚಾಗದಿದ್ದರೂ ವರ್ಷಗಳು ಕಳೆದಂತೆ ತಾನಾಗಿ ಇನ್ನಷ್ಟು ಬಾಗುತ್ತದೆ. ಸಾಲದ್ದಕ್ಕೆ ಹಲಗೆಯ ಉದ್ದ ನೋಡಿ. ಉದ್ದಕ್ಕೂ ಹೀಗೆ ಪುಸ್ತಕ ತುಂಬಿದರೆ, ಉದ್ದ ಎರಡು ಪಟ್ಟಾದಾಗ ಬಾಗುವುದು ಎರಡು ಪಟ್ಟಲ್ಲ, 16 ಪಟ್ಟು" ಎಂದ. ಮದುವೆಯಾದ ವರ್ಷ ಉದ್ದನೆಯ ಕಪಾಟೇ ಬೇಕೆಂದು ಹಟ ಹಿಡಿದು ತಂದವನು ನಾನು. ಹೆಂಡತಿ ನನ್ನತ್ತ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ.

ಎಷ್ಟು ಪುಸ್ತಕ ಕಡಿಮೆ ಮಾಡಬೇಕೆಂದು ತಿಳಿಯಬೇಕಾದರೆ ಈಗ ಎಷ್ಟು ಭಾರವಿದೆಯೆಂದು ತಿಳಿಯಬೇಕು, ಅದಕ್ಕಾಗಿ ಎಲ್ಲವನ್ನೂ ತೂಗಬೇಕು ಎಂದು ಅವನು ತೀರ್ಪು ಕೊಟ್ಟು, ಕಾರಿನಿಂದ ಯಂತ್ರವನ್ನು ತಂದ. ಅದು ಮನುಷ್ಯರು ನಿಂತು ತೂಕ ನೋಡಿಕೊಳ್ಳುವ ಚಪ್ಪಟೆ ಯಂತ್ರ. ಪುಸ್ತಕಗಳನ್ನು ನೇರವಾಗಿ ಅದರ ಮೇಲೆ ಪೇರಿಸಿದರೆ ಅಂಕಿಗಳು ಮುಚ್ಚಿಹೋಗುತ್ತಿದ್ದವು. ಆದ್ದರಿಂದ ಯಾರಾದರೊಬ್ಬರು ಮೊದಲು ಬರಿಗೈಯಲ್ಲಿ ನಿಂತು, ಆಮೇಲೆ ಪುಸ್ತಕಗಳನ್ನು ಹಿಡಿದು ನಿಂತು, ಎರಡರ ವ್ಯತ್ಯಾಸವನ್ನು ಬರೆದುಕೊಳ್ಳುವುದೆಂದಾಯಿತು. ಯಾರು ನಿಲ್ಲಬೇಕೆಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಪುಸ್ತಕ ನನ್ನದು, ಹಲಗೆ ನನ್ನದು, ತಪ್ಪೂ ನನ್ನದೇ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಕಳೆದ ಹತ್ತು ವರ್ಷಗಳಿಂದ, ಯಾವುದೇ ಅರ್ಜಿಯಲ್ಲಿ ತೂಕವೆಂಬ ಕಡೆ ನಾನು 72 ಎಂದು ಬರೆಯುತ್ತ ಬಂದಿದ್ದೇನೆ. ಒಮ್ಮೆ ಎಲ್ಲಿಯೋ ಅಷ್ಟಿತ್ತು. ಹೆಸರಿನಂತೆ, ಹುಟ್ಟಿದ ದಿನದಂತೆ ಅದೂ ಬದಲಾಗದ ಸಂಗತಿಯೆಂದು ಪ್ರಾಮಾಣಿಕವಾಗಿಯೇ ನಂಬಿದ್ದೆ. ಬರಿಗೈಯಲ್ಲಿ ಯಂತ್ರ ಹತ್ತಿದೆ. ಭಾವಮೈದುನ ಬಗ್ಗಿ ನೋಡಿ, ಆಕಾಶವಾಣಿಯ ವಾರ್ತೆ ಓದುವ ದನಿಯಲ್ಲಿ, "ಎಂಬತ್ತನಾಲ್ಕು" ಎಂದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಜೇಬಿನಲ್ಲಿ ಬೀಗದ ಕೈಯಿದೆ ಎಂದೆ. ತೆಗೆಸಿದ. ಕನ್ನಡಕ ಎಂದೆ. ಅದನ್ನೂ ತೆಗೆಸಿದ. ಯಂತ್ರ ಕದಲಲಿಲ್ಲ. ಮಗಳು ಕೋಣೆಯಿಂದ ಹೊರಗೆ ಬಂದು, "ಅಪ್ಪ, ಒಂದು ಕಾಲಲ್ಲಿ ನಿಂತು ನೋಡಿ" ಎಂದು ಸಲಹೆ ಕೊಟ್ಟಳು. ದೇವರಾಣೆಗೂ ಒಂದು ಕ್ಷಣ ಕಾಲು ಎತ್ತಿದೆ.

"ಸುಮಾರು 300 ಪುಟದ ಪುಸ್ತಕವೊಂದು 400 ಗ್ರಾಂ ಎಂದು ಹಿಡಿಯೋಣ" ಎಂದು ಭಾವಮೈದುನ ಪೆನ್ನು ತೆಗೆದ. "12 ಕಿಲೋ ಎಂದರೆ 30 ಪುಸ್ತಕ. ಭಾವ, ನೀವು ಇಷ್ಟು ವರ್ಷ 30 ಪುಸ್ತಕಗಳನ್ನು ಯಾರಿಗೂ ತಿಳಿಯದಂತೆ ಮೈಮೇಲೆಯೇ ಹೊತ್ತುಕೊಂಡು ಓಡಾಡುತ್ತಿದ್ದೀರಿ." ಅವನು ಇದನ್ನು ತಮಾಷೆಗೆ ಹೇಳಿದ್ದರೆ ಕ್ಷಮಿಸುತ್ತಿದ್ದೆ. ಅವನು ಲೆಕ್ಕ ಹೇಳುತ್ತಿದ್ದ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಪುಸ್ತಕವೆಂಬುದು ತೂಕದ ಮಾನವಾಗಿ ಬಳಕೆಗೆ ಬಂದಿದೆ. ಊಟಕ್ಕೆ ಕುಳಿತಾಗ ಎರಡನೆಯ ಸಲ ಬಡಿಸಿಕೊಳ್ಳಲು ಕೈ ಚಾಚಿದರೆ, "ಅದು ಅರ್ಧ ಪುಸ್ತಕ" ಎಂಬ ಎಚ್ಚರಿಕೆ ಬರುತ್ತದೆ.

ತೂಗುವ ಕಾರ್ಯ ಮುಂದುವರಿಯಿತು. ಪ್ರತಿ ಹತ್ತು ಸರತಿಗೊಮ್ಮೆ ಅವನು ನನ್ನನ್ನು ಮತ್ತೆ ಬರಿಗೈಯಲ್ಲಿ ನಿಲ್ಲಿಸಿದ. ಬೆವರಿನಿಂದ ನನ್ನ ತೂಕ ಇಳಿದಿದ್ದರೆ ಪುಸ್ತಕಗಳ ಲೆಕ್ಕ ತಪ್ಪಾಗುತ್ತದಂತೆ. ಇಳಿದಿರಲಿಲ್ಲ. ಊಟವಾದ ಮೇಲೆ ಮತ್ತೊಮ್ಮೆ ನಿಲ್ಲಿಸಿದ. ಏರಿತ್ತು. ಅದನ್ನು ಕೆಂಪು ಮಸಿಯಲ್ಲಿ ಬರೆದುಕೊಂಡ. ಸಂಜೆಯ ಹೊತ್ತಿಗೆ ಒಂದು ಕಪಾಟಿನ ಒಟ್ಟು ಮೊತ್ತ 231 ಕಿಲೋ ಎಂದು ಘೋಷಿಸಿ, ಅಡಿಗೆರೆ ಎಳೆದು, "ನೀವೂ ಸೇರಿದರೆ 315" ಎಂದು ಅನಗತ್ಯವಾಗಿ ಸೇರಿಸಿದ.

ಇನ್ನು ಯಾವುದನ್ನು ಕಳಿಸುವುದು? ಗ್ರಂಥಪಾಲಕರು ಈ ಕೆಲಸವನ್ನು ಕಳೆ ಕೀಳುವುದು ಎನ್ನುತ್ತಾರೆ, ಮತ್ತು ಅದಕ್ಕೆ ಅವರಲ್ಲಿ ಆರು ಲಕ್ಷಣಗಳ ಒಂದು ಪ್ರಸಿದ್ಧ ಪಟ್ಟಿಯಿದೆ: ದಾರಿ ತಪ್ಪಿಸುವಂಥದ್ದು, ನೋಡಲು ಕುರೂಪವಾದದ್ದು, ಕಾಲ ಮೀರಿದ್ದು, ಕ್ಷುಲ್ಲಕವಾದದ್ದು, ಯಾರಿಗೂ ಸಂಬಂಧಿಸದ್ದು, ಬೇರೆ ಕಡೆ ಸುಲಭವಾಗಿ ಸಿಗುವಂಥದ್ದು. ನಾನು ಇದನ್ನು ಗಟ್ಟಿಯಾಗಿ ಓದಿ ಮುಗಿಸಿದಾಗ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. "ಪುಸ್ತಕಗಳಿಗೆ ಮಾತ್ರವೇ?" ಎಂದು ಕೇಳಿದಳು.

ದಾರಿ ತಪ್ಪಿಸುವ ಪುಸ್ತಕಗಳು ಬೇಗ ಸಿಕ್ಕವು. 2006ರಲ್ಲಿಯೇ ಪ್ಲೂಟೋವನ್ನು ಗ್ರಹಗಳ ಪಟ್ಟಿಯಿಂದ ತೆಗೆದಿದ್ದರೂ ನನ್ನ ವಿಶ್ವಕೋಶದಲ್ಲಿ ಒಂಬತ್ತೂ ಗ್ರಹಗಳು ಇನ್ನೂ ಅವಿಭಕ್ತ ಕುಟುಂಬವಾಗಿ ಬಾಳುತ್ತಿವೆ. ಆ ಸಂಪುಟಗಳನ್ನು ಯಾರಿಗಾದರೂ ಕೊಡೋಣವೆಂದು ನಾಲ್ಕು ಕಡೆ ವಿಚಾರಿಸಿದೆ. ದಾನ ತೆಗೆದುಕೊಳ್ಳುವವರು ಇಷ್ಟೊಂದು ವಿನಯದಿಂದ ನಿರಾಕರಿಸಬಲ್ಲರೆಂದು ನನಗೆ ತಿಳಿದಿರಲಿಲ್ಲ. ಒಬ್ಬರಂತೂ ನನ್ನ ಔದಾರ್ಯವನ್ನು ಹೊಗಳಿ ಹೊಗಳಿ ಫೋನ್ ಇಟ್ಟರು. ಮನೆಯಲ್ಲಿರುವ ತನಕ ಜ್ಞಾನಭಂಡಾರವಾಗಿದ್ದದ್ದು ಹೊಸ್ತಿಲು ದಾಟಿದೊಡನೆ ರದ್ದಿಯಾಗುವ ಈ ಚಮತ್ಕಾರವನ್ನು ಪುಸ್ತಕ ಕೊಡಲು ಹೊರಟ ಎಲ್ಲರೂ ಕಂಡಿರುತ್ತಾರೆ. ಬೆಳ್ಳಿಹುಳಗಳು ಮಾತ್ರ ನಮ್ಮಲ್ಲಿ ಭೇದವೆಣಿಸಿರಲಿಲ್ಲ. ರಟ್ಟಿನ ಅಂಟಿಗೂ ಕಾಗದದ ಪಿಷ್ಟಕ್ಕೂ ಆಸೆಪಟ್ಟು ಬರುವ ಆ ರೆಕ್ಕೆಯಿಲ್ಲದ ಕೀಟಗಳು, ನಾನು ಮುನ್ನುಡಿಯಲ್ಲಿಯೇ ಕೈಬಿಟ್ಟ ಎಷ್ಟೋ ಗ್ರಂಥಗಳನ್ನು ಶ್ರದ್ಧೆಯಿಂದ ಮುಂದುವರಿಸಿದ್ದವು.

ಆದರೆ ನಾನು ಹೇಳಬೇಕೆಂದಿರುವುದು ಹಿಂದಿನ ಸಾಲಿನ ವಿಷಯ. ಜಾಗ ಸಾಲದ ಮನೆಗಳಲ್ಲಿ ಪುಸ್ತಕಗಳನ್ನು ಎರಡು ಸಾಲಾಗಿ ಇಡುತ್ತೇವೆ. ಮುಂದಿನದು ನೆಂಟರ ಕಣ್ಣಿಗೆ, ಹಿಂದಿನದು ಮರೆವಿಗೆ. ಭಾವಮೈದುನ ತೂಕದ ಜೊತೆಗೆ ಪ್ರತಿಯೊಂದು ಪುಸ್ತಕದ ಐಎಸ್‌ಬಿಎನ್ ಅನ್ನೂ, ಅಂದರೆ ಪುಸ್ತಕದ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆಯನ್ನೂ ಬರೆದುಕೊಳ್ಳುತ್ತಿದ್ದ. ಯಾಕೆಂದು ಕೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ನಾಲ್ಕು ಗಂಟೆಯ ಸುಮಾರಿಗೆ, "ಭಾವ, ಒಂದೇ ಕಾದಂಬರಿ ಎರಡಿವೆ. ಒಂದಕ್ಕೆ 10 ಅಂಕಿ, ಇನ್ನೊಂದಕ್ಕೆ 978ರಿಂದ ಶುರುವಾಗುವ 13 ಅಂಕಿ. 2007ರಿಂದ 13 ಅಂಕಿಯ ಪದ್ಧತಿ ಬಂತಲ್ಲ, ಹಾಗಾಗಿ ಇದು ಆಮೇಲೆ ಅಚ್ಚಾದದ್ದು. ಮರೆತು ಎರಡನೆಯ ಸಲ ಕೊಂಡಿರಾ?" ಎಂದ. ಮರೆತು ಕೊಂಡ ಪುಸ್ತಕಗಳು ನನ್ನಲ್ಲಿ ಬೇಕಾದಷ್ಟಿವೆ; ಅದಕ್ಕೆ ನಾಚಿಕೆಪಡುವ ಕಾಲ ಕಳೆದಿದೆ. ಹೌದೆನ್ನುವುದಕ್ಕೆ ಬಾಯಿ ತೆರೆದವನು ಮುಂದಿನ ಸಾಲಿನಿಂದ ಬಂದ ಹೊಸ ಪ್ರತಿಯ ಮೊದಲ ಹಾಳೆಯನ್ನು ನೋಡಿದೆ. ಅಲ್ಲಿ ನನ್ನದೇ ಅಕ್ಷರದಲ್ಲಿ, "ಬಹು ಪ್ರಯಾಸದಿಂದ ಮರಳಿ ಪಡೆದದ್ದು" ಎಂದು ಬರೆದಿತ್ತು.

ಬರೆದದ್ದು ನೆನಪಾಯಿತು. ಅದನ್ನು ನನ್ನ ಗೆಳೆಯನೊಬ್ಬ ಓದಲು ಒಯ್ದಿದ್ದ. ಕೆಲವು ತಿಂಗಳಾದ ಮೇಲೆ ಕೇಳಿದರೆ, ಆಗಲೇ ಹಿಂದಿರುಗಿಸಿದ್ದೇನಲ್ಲ ಎಂದ. ಇಲ್ಲವೆಂದೆ. ಕೊಟ್ಟಿದ್ದೇನೆಂದ. ಪುಸ್ತಕ ಒಯ್ದವರು ಹೇಳುವುದೇ ಹೀಗೆ ಎಂದು ನಾಲ್ಕು ಜನರೆದುರಿಗೆ ಹೇಳಿದೆ. ಭೇಟಿಯಾದಾಗಲೆಲ್ಲ ಕ್ಷೇಮ ವಿಚಾರಿಸುವುದಕ್ಕೆ ಮುಂಚೆ ಪುಸ್ತಕ ವಿಚಾರಿಸಿದೆ. ಕೊನೆಗೊಂದು ದಿನ ಅವನು, "ಸಿಕ್ಕಿತು, ತಗೋ" ಎಂದು ತಂದುಕೊಟ್ಟ. ನಾನು ಗೆದ್ದೆ. ಮೊದಲ ಹಾಳೆಯಲ್ಲಿ ನನ್ನ ಹೆಸರಿಲ್ಲದ್ದನ್ನು ಕಂಡು, ಆ ಹಾಳೆಯನ್ನು ಹರಿದುಹಾಕಿದ್ದಾನೆಂದು ಊಹಿಸಿದೆ. ಪುಸ್ತಕ ಹೊಸದರಂತೆ ಮಿರುಗುತ್ತಿದ್ದದ್ದನ್ನು, ಇಷ್ಟು ದಿನ ಇಟ್ಟುಕೊಂಡೂ ಅವನು ಓದಿಲ್ಲವೆಂಬುದಕ್ಕೆ ಸಾಕ್ಷಿಯೆಂದು ಊರಿಗೆಲ್ಲ ಸಾರಿದೆ. ಪತ್ತೇದಾರಿ ಕಾದಂಬರಿಗಳೇ ಒಂದು ಹಲಗೆಯಷ್ಟಿರುವ ಮನೆಯ ಯಜಮಾನನ ತರ್ಕಶಕ್ತಿ ಅದು.

ಹಿಂದಿನ ಸಾಲಿನ ಹಳೆಯ ಪ್ರತಿಯಲ್ಲಿ ನನ್ನ ಹೆಸರಿತ್ತು, 1998 ಎಂಬ ಇಸವಿಯಿತ್ತು, ಅಂಚು ಹಳದಿಗಟ್ಟಿದ ಹಾಳೆಗಳ ನಡುವೆ ಅವನ ಅಕ್ಷರದಲ್ಲಿ ಒಂದು ಚೀಟಿಯೂ ಇತ್ತು: "ನೀನು ಮನೆಯಲ್ಲಿರಲಿಲ್ಲ. ಇಟ್ಟು ಹೋಗುತ್ತಿದ್ದೇನೆ. 140ನೇ ಪುಟದಿಂದ ಮುಂದೆ ಬಹಳ ಚೆನ್ನಾಗಿದೆ." ಯಾರೋ ಅದನ್ನು ತೆಗೆದುಕೊಂಡು ಹಿಂದಿನ ಸಾಲಿಗೆ ತಳ್ಳಿರಬೇಕು. ಯಾರೋ ಎಂದರೆ, ನಾನೇ ಇರಬೇಕು. ಅವನು ಆಮೇಲೆಯೂ ಮನೆಗೆ ಬರುತ್ತಿದ್ದ, ಕಪಾಟಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ. ಆದರೆ ಮತ್ತೆಂದೂ ಒಂದು ಪುಸ್ತಕವನ್ನು ಕೇಳಲಿಲ್ಲ. ಓದುವುದನ್ನು ಬಿಟ್ಟಿದ್ದಾನೆಂದು ನಾನು ಅಂದುಕೊಂಡಿದ್ದೆ. ಬರುವುದೂ ಯಾವಾಗ ನಿಂತಿತೆಂದು ಈಗ ಲೆಕ್ಕಹಾಕಿದರೆ ಹೊಳೆಯುವುದಿಲ್ಲ. ಅಂಥದ್ದನ್ನು ಭಾವಮೈದುನನಂತೆ ತಾರೀಖಿನ ಸಮೇತ ಬರೆದಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ.

"ಎರಡರಲ್ಲಿ ಒಂದನ್ನು ಕಳಿಸಬಹುದಲ್ಲ, 380 ಗ್ರಾಂ ಇಳಿಯುತ್ತದೆ" ಎಂದ ಭಾವಮೈದುನ. ಎರಡನ್ನೂ ಅವನ ಕೈಯಿಂದ ಕಿತ್ತುಕೊಂಡೆ. ಅಂದಿನ ಇಡೀ ದಿನದ ಶ್ರಮಕ್ಕೆ ಕೊಡುವ ರಾಶಿಗೆ ಬಿದ್ದದ್ದು 9 ಕಿಲೋ. ಅದರಲ್ಲಿ 7 ಕಿಲೋ ವಿಶ್ವಕೋಶ, ಅದನ್ನು ತೆಗೆದುಕೊಳ್ಳುವವರಿಲ್ಲ. ಹಲಗೆಗೆ ಮಧ್ಯದಲ್ಲಿ ಒಂದು ಆಸರೆ ಕೊಡುವುದೇ ಸರಿಯೆಂದು ಅವನು ಒಪ್ಪಿಕೊಂಡು, ಸದ್ಯಕ್ಕೆ ಆ ಸಂಪುಟಗಳನ್ನೇ ಒಂದರ ಮೇಲೊಂದು ಪೇರಿಸಿ ಮೂರನೆಯ ಹಲಗೆಯ ಕೆಳಗೆ ನಿಲ್ಲಿಸಿ ಹೋದ. ಒಂಬತ್ತು ಗ್ರಹಗಳು ಈಗ ನನ್ನ ಸಾಹಿತ್ಯವನ್ನು ಹೊತ್ತು ನಿಂತಿವೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಗೆಳೆಯನ ಸಂಖ್ಯೆಯನ್ನು ಹುಡುಕಿದೆ. ಮೊದಲು ಕ್ಷೇಮ ವಿಚಾರಿಸುವುದು, ಆಮೇಲೆ ನಿಧಾನವಾಗಿ ವಿಷಯಕ್ಕೆ ಬರುವುದು ಎಂದು ಮನಸ್ಸಿನಲ್ಲಿಯೇ ಎರಡು ಸಲ ಅಭ್ಯಾಸ ಮಾಡಿಕೊಂಡೆ. ನಾಲ್ಕು ಸಲ ರಿಂಗಾಯಿತು. ಅವನೇ ಎತ್ತಿದ. ನಾನು ಹಲೋ ಎನ್ನುವುದಕ್ಕೂ ಬಿಡಲಿಲ್ಲ.

"ಹೇಳು" ಎಂದ. "ಈ ಸಲ ಯಾವುದು ಕಾಣುತ್ತಿಲ್ಲ?"