ಮಕ್ಕಳಿಗೆ ಕಾಡಿನಲ್ಲಿ ಬದುಕುಳಿಯೋದನ್ನು ಕಲಿಸಬೇಕಾ?

ದಾರಿ ತಪ್ಪಿದರೆ ಏನು ಮಾಡಬೇಕು, ಮಳೆಯಲ್ಲಿ ಬೆಂಕಿ ಹೇಗೆ ಹಚ್ಚಬೇಕು, ರಾತ್ರಿ ಎಲ್ಲಿ ಮಲಗಬೇಕು ಎಂದು ಹೈಸ್ಕೂಲ್ ಮಕ್ಕಳನ್ನು ಕಾಡಿಗೇ ಕರೆದುಕೊಂಡು ಹೋಗಿ ಕಲಿಸಬೇಕೇ? ಕೊಡಗಿನ ಇಬ್ಬರು ಇಲ್ಲಿ ಬರೆದಿದ್ದಾರೆ. ಒಬ್ಬರು ಕಾಫಿ ಬೆಳೆಗಾರರು, ಇನ್ನೊಬ್ಬರು ಶಾಲಾ ಶಿಕ್ಷಕಿ.

ಪರ: ಮೊದಲು ಕೂರೋದನ್ನು ಕಲಿಸಿ

ನನಗೆ ಆಗ ಹತ್ತು ವರ್ಷ. ನಮ್ಮ ತೋಟದ ಮೇಲಿನ ಏಲಕ್ಕಿ ಕಾಡಿನಲ್ಲಿ ಮಂಜು ಇಳಿದು ದಾರಿ ತಪ್ಪಿತು. ಅಲ್ಲಿಂದ ಓಡಿದೆ. ಒಂದು ಚಪ್ಪಲಿ ಕೆಸರಲ್ಲಿ ಉಳಿಯಿತು, ಮೊಣಕಾಲು ತರಚಿತು, ಆದರೂ ಓಡುತ್ತಲೇ ಇದ್ದೆ. ಕತ್ತಲಾಗುವ ಹೊತ್ತಿಗೆ ತೋಟದ ಕೆಲಸಗಾರರು ಇರುವ ಲೈನ್ ಮನೆಯ ಅಜ್ಜ ಒಬ್ಬರು ನನ್ನನ್ನು ಹುಡುಕಿ ಹಿಡಿದರು. ಅವರು ಬೈಯಲಿಲ್ಲ. "ಓಡಿದ್ರಿಂದ್ಲೇ ತಡ ಆಯ್ತು ಮಗಾ. ಕೂತಲ್ಲೇ ಕೂತಿದ್ರೆ ಆಗ್ಲೇ ಸಿಗ್ತಿದ್ದೆ" ಅಂದರು ಅಷ್ಟೇ.

ಈ ಒಂದು ಮಾತನ್ನು ಕರಿಹಲಗೆಯ ಮೇಲೆ ನೂರು ಸಲ ಬರೆಸಿದರೂ ಮಗುವಿನ ಮೈಗೆ ಹತ್ತುವುದಿಲ್ಲ. ಮರಗಳ ನಡುವೆ ಒಬ್ಬರೇ ಅರ್ಧ ಗಂಟೆ ಕೂತು ನೋಡಬೇಕು. ಎದೆ ಡವಡವ ಅನ್ನೋದು ಮೊದಲ ಹತ್ತು ನಿಮಿಷ. ಆಮೇಲೆ ತಾನಾಗಿ ಇಳಿಯುತ್ತದೆ. ಒಮ್ಮೆ ಹಾಗೆ ಇಳಿದದ್ದನ್ನು ಕಂಡ ಮಗು ಮುಂದೆ ಓಡುವುದಿಲ್ಲ.

ಟಿವಿ ನೋಡಿದ ಮಕ್ಕಳಿಗೆ ಕಾಡು ಅಂದರೆ ಹುಳ ತಿನ್ನೋದು. ಹಸಿವಿನಿಂದ ಸಾಯಲು ವಾರಗಟ್ಟಲೆ ಬೇಕು, ನೀರಿಲ್ಲದೆ ಮೂರು ದಿನದ ಹತ್ತಿರ. ನೆನೆದ ಮೈಗೆ ಗಾಳಿ ಹೊಡೆದರೆ ಕೆಲವು ಗಂಟೆಗಳೇ ಸಾಕು. ಇದಕ್ಕೆ ಹಿಮವೇ ಬೇಕಿಲ್ಲ. ಜುಲೈನಲ್ಲಿ ಭಾಗಮಂಡಲದ ಕಡೆ ಹತ್ತಿಯ ಬನಿಯನ್, ಜೀನ್ಸ್ ತೊಟ್ಟು ಒಂದು ದಿನ ನೆನೆದು ನೋಡಿ, ಗೊತ್ತಾಗುತ್ತದೆ. ಆದ್ದರಿಂದ ನನ್ನ ಪಾಠದಲ್ಲಿ ಚಾಕುವಿಗಿಂತ ಮೊದಲು ಬರೋದು ಎರಡು ಪ್ಲಾಸ್ಟಿಕ್: ಒಂದರಲ್ಲಿ ಕಟ್ಟಿಟ್ಟ ಒಣ ಅಂಗಿ, ಇನ್ನೊಂದು ಮೇಲೆ ಹೊದೆಯಲು ಹಾಳೆ. ಜೊತೆಗೆ ಒಂದು ಸೀಟಿ. ಕೂಗಿದರೆ ಗಂಟಲು ಹೋಗುತ್ತದೆ, ಸೀಟಿ ಹೋಗುವುದಿಲ್ಲ. ಮೂರು ಸಲ ಊದು, ನಿಲ್ಲಿಸಿ ಕೇಳು, ಮತ್ತೆ ಮೂರು ಸಲ ಊದು.

ಹೊರಗಿನ ಪುಸ್ತಕದ ಪಾಠ ಇಲ್ಲಿ ಕೆಲವು ಸಲ ಕೈ ಕೊಡುತ್ತದೆ ಅನ್ನೋದೂ ನಿಜ. ಹೊಳೆ ಹಿಡಿದು ಇಳಿದರೆ ಊರು ಸಿಗುತ್ತದೆ ಅನ್ನುತ್ತಾರೆ. ಪುಷ್ಪಗಿರಿಯ ಪಶ್ಚಿಮ ಮಗ್ಗುಲಲ್ಲಿ ಹೊಳೆ ಹಿಡಿದು ಇಳಿದರೆ ಅಬ್ಬಿಯ, ಅಂದರೆ ಜಲಪಾತದ, ನೆತ್ತಿ ಸಿಗುತ್ತದೆ! ಹಾವಿನ ವಿಷಯದಲ್ಲಂತೂ ಕಲಿಸುವುದಕ್ಕಿಂತ ಮರೆಸುವುದೇ ಜಾಸ್ತಿ. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಕಚ್ಚಿದ ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕು.

ನಮ್ಮ ಅಜ್ಜಂದಿರು ಮಕ್ಕಳಿಗೆ ಇದನ್ನೆಲ್ಲ ಕಲಿಸಿದ್ದು ಬೇಟೆಗೆ ಕರೆದುಕೊಂಡು ಹೋಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿತು, ಒಳ್ಳೆಯದೇ ಆಯಿತು. ಆದರೆ ಬೇಟೆಯ ಜೊತೆಗೆ ಕಾಡಿನ ನಡಿಗೆಯೂ ಹೋಯಿತು. ಈಗ ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಹುಡುಗನಿಗೆ ಮಾತ್ರ ತನ್ನ ತೋಟದ ಮೇಲಿನ ಗುಡ್ಡದ ದಾರಿ ಗೊತ್ತಿಲ್ಲ.

ಇದು ಶೋಕಿಗಾಗಿ ಕಲಿಯುವ ವಿದ್ಯೆಯಲ್ಲ. 2018ರ ಆಗಸ್ಟ್ ನೆನಪಿದೆಯಲ್ಲ? ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡದ ಬರೆ ಜರಿದು ರಸ್ತೆಯೇ ಇಲ್ಲವಾಯಿತು. ಕರೆಂಟಿಲ್ಲ, ಫೋನಿಲ್ಲ. ಜನ ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿ ಮಳೆಯಲ್ಲೇ ಕಾದರು. ಅವರ್ಯಾರೂ ಟ್ರೆಕ್ಕಿಂಗಿಗೆ ಹೊರಟವರಲ್ಲ. ಕಾಡೇ ಮನೆ ಬಾಗಿಲಿಗೆ ಇಳಿದು ಬಂದಿತ್ತು.

ಮೀಸಲು ಅರಣ್ಯಕ್ಕೇ ನುಗ್ಗಿ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಎಷ್ಟೋ ತೋಟಗಳೇ ಅರ್ಧ ಕಾಡು. ಡಿಸೆಂಬರ್ ರಜೆಯಲ್ಲಿ ಎರಡು ರಾತ್ರಿ, ಹತ್ತು ಮಕ್ಕಳಿಗೆ ಇಬ್ಬರು ದೊಡ್ಡವರು, ಕೆಳಗೆ ಜೀಪು. ಅಷ್ಟು ಸಾಕು.

ವಿರೋಧ: ಬಿದಿರು ಮುರಿದದ್ದು ಯಾರು?

ಮೇಲಿನವರು ಹೇಳಿದ ಅರ್ಧ ಮಾತು ನನಗೂ ಒಪ್ಪಿಗೆ. ಅವರೇ ಬಂದು ಕಲಿಸುವುದಾದರೆ ನನ್ನ ತಕರಾರು ಕಡಿಮೆಯಾದೀತು. ಆದರೆ ಶಿಬಿರ ನಡೆಯುವುದು ಹಾಗಲ್ಲ.

ಒಂಬತ್ತನೇ ತರಗತಿಯ ಮಕ್ಕಳ ಜೊತೆ ನಾನೂ ಹೋಗಿದ್ದೆ. ಅವರು ಹೇಳುವಂಥದೇ ತೋಟ, ಅರ್ಧ ಕಾಡು. ಕಲಿಸಲು ನಗರದಿಂದ ಬಂದ ಚುರುಕಿನ ಹುಡುಗ. ಹಗ್ಗದ ಗಂಟು ಹಾಕಿಸಿದ, ಕೊಂಬೆ ಕಡಿದು ಗುಡಿಸಲು ಕಟ್ಟಿಸಿದ, ಲೋಹದ ಕಡ್ಡಿ ಉಜ್ಜಿ ಕಿಡಿ ಹಾರಿಸಿದ. ಮಕ್ಕಳು ಕುಣಿದಾಡಿದರು. ರಾತ್ರಿ ಹತ್ತರ ಮೇಲೆ ಕೆಳಗಡೆ ಲಟಲಟ ಸದ್ದಾಯಿತು. "ಜಿಂಕೆ ಇರ್ಬೇಕು, ಬನ್ನಿ ನೋಡೋಣ" ಎಂದು ಅವನು ಟಾರ್ಚ್ ಎತ್ತಿಕೊಂಡ. ಅಡುಗೆಗೆ ಬಂದಿದ್ದ ಸ್ಥಳೀಯರೊಬ್ಬರು ಅವನ ಕೈ ಹಿಡಿದು ಟಾರ್ಚ್ ಆರಿಸಿದರು. ಒಂದು ಹಿಡಿ ಬೂದಿ ಎತ್ತಿ ಗಾಳಿಗೆ ಬಿಟ್ಟು ನೋಡಿದರು. ಗಾಳಿ ಕೆಳಗಿನಿಂದ ನಮ್ಮ ಕಡೆ ಬರುತ್ತಿತ್ತು, ಅಂದರೆ ನಮ್ಮ ವಾಸನೆ ಅತ್ತ ಹೋಗುತ್ತಿರಲಿಲ್ಲ. ಎಲ್ಲರನ್ನೂ ಸದ್ದಿಲ್ಲದೆ ಕಾಫಿ ಗೋದಾಮಿನೊಳಗೆ ಸಾಗಿಸಿದರು. ಬೆಳಿಗ್ಗೆ ಹೋಗಿ ನೋಡಿದರೆ ಮೂರು ಕಡೆ ಆನೆ ಲದ್ದಿ. ಅವರು ನನ್ನ ಹತ್ತಿರ ಮೆಲ್ಲಗೆ ಕೇಳಿದರು: "ಟೀಚರೇ, ಜಿಂಕೆ ಬಿದಿರು ಮುರಿಯುತ್ತಾ?"

ಕಾಡಿನ ವಿದ್ಯೆ ಅಂತ ಒಂದೇ ಇಲ್ಲ, ಈ ಕಾಡಿನ ವಿದ್ಯೆ ಅಂತಿದೆ. ಅದು ಎರಡು ರಾತ್ರಿಯಲ್ಲಿ ಬರುವುದಿಲ್ಲ. ಎರಡು ರಾತ್ರಿಯಲ್ಲಿ ಬರುವುದು ಧೈರ್ಯ ಮಾತ್ರ. ಆ ಶಿಬಿರ ಮುಗಿದ ತಿಂಗಳಲ್ಲೇ ನಮ್ಮ ಮೂವರು ಹುಡುಗರು ರೀಲ್ಸ್ ಮಾಡಲು ಯಾರಿಗೂ ಹೇಳದೆ ಗುಡ್ಡ ಹತ್ತಿದ್ದರು. ಕೇಳಿದರೆ, "ನಮಗೆ ಟ್ರೈನಿಂಗ್ ಆಗಿದೆ ಮಿಸ್."

ಅರೆ ತಿಳಿವಳಿಕೆ ಎಷ್ಟು ದುಬಾರಿ ಅನ್ನೋದಕ್ಕೆ ಅಣಬೆಯೇ ಸಾಕು. ಬೆಳ್ಳುಳ್ಳಿ ಹಾಕಿ ಬೇಯಿಸಿದಾಗ ಕಪ್ಪಾಗದಿದ್ದರೆ ತಿನ್ನಬಹುದು ಅನ್ನೋ ಮಾತು ಸುಳ್ಳು. ಕೆಲವು ವಿಷದ ಅಣಬೆ ತಿಂದರೆ ಆರೇಳು ಗಂಟೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ನಡುವೆ ಒಂದು ದಿನ ಹುಷಾರಾದ ಹಾಗೆ ಕಾಣುತ್ತದೆ, ಅಷ್ಟರಲ್ಲಿ ಲಿವರ್ ಹೋಗಿರುತ್ತದೆ. ಹಾವಿನದೂ ಹಾಗೆಯೇ. ನಮ್ಮಲ್ಲಿ ಸಿಗುವ ಔಷಧಿ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಮಳೆಗಾಲದಲ್ಲಿ ನಮ್ಮ ಗಿಡಗಳ ಮೇಲೆ ಸುರುಳಿ ಸುತ್ತಿ ಕೂರುವ ಮಲಬಾರ್ ಗುಳಿಮಂಡಲಕ್ಕೆ ಅದನ್ನು ಮಾಡಿಲ್ಲ.

ಹಾಗಾದರೆ ಕಲಿಯೋದೇ ಬೇಡವಾ? ಬೇಕು. ಆದರೆ ಶಿಬಿರದಲ್ಲಲ್ಲ. ಆಗಸ್ಟ್ ಮೊದಲ ವಾರ ಕಕ್ಕಡ ಪದಿನೆಟ್ಟಿಗೆ, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಜ್ಜಿಯ ಜೊತೆ ಮದ್ದು ಸೊಪ್ಪು ಕೀಳಲು ಹೋಗುವ ಮಗು ಒಂದು ಗಿಡವನ್ನು ಎಲೆ, ವಾಸನೆ, ಬಣ್ಣದಿಂದ ಜೀವನವಿಡೀ ಗುರುತಿಸುತ್ತದೆ. ವರ್ಷಕ್ಕೆ ಒಂದೋ ಎರಡೋ ಗಿಡ. ನಿಧಾನವೇ, ಆದರೆ ತಪ್ಪುವುದಿಲ್ಲ. ಪ್ರಥಮ ಚಿಕಿತ್ಸೆ, ಈಜು ಶಾಲೆಯಲ್ಲೇ ಕಲಿಸಬಹುದು. ಚೇಲಾವರದ ಅಬ್ಬಿಯಲ್ಲಿ ಜೀವ ಹೋದವರಿಗೆ ಬೆಂಕಿ ಹಚ್ಚೋದು ಗೊತ್ತಿದ್ದರೂ ಪ್ರಯೋಜನ ಇರಲಿಲ್ಲ.

ಇನ್ನೊಂದು ವಿಷಯ ನನಗೆ ಚುಚ್ಚುತ್ತದೆ. ಈ ವಿದ್ಯೆ ನಿಜವಾಗಿ ಗೊತ್ತಿದ್ದ ಜೇನು ಕುರುಬರ ಎಷ್ಟೋ ಕುಟುಂಬಗಳನ್ನು ನಾಗರಹೊಳೆಯ ಒಳಗಿನಿಂದ ಹೊರಗೆ ಸ್ಥಳಾಂತರಿಸಿದೆವು. ಈಗ ಅದೇ ವಿದ್ಯೆಗೆ ಶುಲ್ಕ ಇಟ್ಟು ನಮ್ಮ ಮಕ್ಕಳಿಗೆ ಮಾರುತ್ತೇವೆ. ನಮ್ಮ ಶಾಲೆಗೇ ಬರುವ ಲೈನ್ ಮನೆ ಮಕ್ಕಳು ದಿನಾ ಬೆಳಿಗ್ಗೆ ಆನೆ ಓಡಾಡುವ ತೋಟದ ದಾರಿಯಲ್ಲೇ ನಡೆದು ಬರುತ್ತಾರೆ. ಗಾಳಿ ಯಾವ ಕಡೆ ಎಂದು ಅವರನ್ನು ಕೇಳಿ, ಹೇಳುತ್ತಾರೆ. ಶಿಬಿರಕ್ಕೆ ಅವರಲ್ಲಿ ಒಬ್ಬರೂ ಬಂದಿರಲಿಲ್ಲ, ಶುಲ್ಕ ಕಟ್ಟಲು ಆಗಿರಲಿಲ್ಲ.

ಆ ದುಡ್ಡಿನಲ್ಲಿ ಈ ಮಕ್ಕಳಿಗೆ ಬೆಳಗಿನ ಜೀಪು ಬಾಡಿಗೆಗೆ ಇಡೋಣ ಎಂದು ಶಾಲೆಯ ಸಭೆಯಲ್ಲಿ ಹೇಳಿದೆ. ನೋಡೋಣ ಅಂದರು. ಈ ವರ್ಷವೂ ಶಿಬಿರದ ನೋಟಿಸ್ ಬಂದಿದೆ.