ಸ್ಪೂಲರ್ ಎಬ್ಬಿಸಲು ಮೈಸೂರಿನ ಅಪ್ಪಣೆ

ಜುಲೈ ತಿಂಗಳ ಮಡಿಕೇರಿ. ಹೊರಗೆ ಮಳೆ, ಒಳಗೆ ಕ್ಯೂ. ಕೊಡೆಗಳಿಂದ ಇಳಿದ ನೀರು ಬಾಗಿಲಿನಿಂದ ಕೌಂಟರ್‌ವರೆಗೆ ಸಣ್ಣ ತೋಡಿನ ಹಾಗೆ ಹರಿಯುತ್ತಿತ್ತು. ನನಗೆ ಬೇಕಿದ್ದದ್ದು ಒಂದು ಪಹಣಿ, ಅಷ್ಟೇ. ದುಡ್ಡು ಕಟ್ಟಿ ಆಗಿತ್ತು, ಸ್ಕ್ರೀನ್ ಮೇಲೆ ಪಹಣಿ ಬಂದೂ ಆಗಿತ್ತು. ಪ್ರಿಂಟರ್ ಮಾತ್ರ ಹಸಿರು ಲೈಟ್ ಹಾಕಿಕೊಂಡು ಸುಮ್ನೆ ಕೂತಿತ್ತು.

ನನ್ನ ಮುಂದೆ ಭಾಗಮಂಡಲ ಕಡೆಯ ಒಬ್ಬ ಅಜ್ಜ. "ಎಂತಾಯ್ತು ಮೇಡಂ?"

"ಸ್ಪೂಲರ್ ನಿಂತುಬಿಟ್ಟಿದೆ ಅಜ್ಜ."

"ನಾವೂ ಬೆಳಿಗ್ಗೆಯಿಂದ ನಿಂತೇ ಇದ್ದೇವಲ್ಲ!"

ಅಜ್ಜ ಹೇಳಿದ್ದು ಸರಿಯೇ. ಸ್ಪೂಲರ್ ಅಂದರೆ ಅದೂ ಕ್ಯೂ ನೋಡಿಕೊಳ್ಳುವ ಸರ್ವೀಸೇ, ಅಂದರೆ ಕಂಪ್ಯೂಟರಿನೊಳಗೆ ತೆರೆಮರೆಯಲ್ಲಿ ಓಡುವ ಪ್ರೋಗ್ರಾಂ. ಪ್ರಿಂಟ್‌ಗೆ ಬಂದದ್ದನ್ನು ಸಾಲಾಗಿ ನಿಲ್ಲಿಸಿ ಒಂದೊಂದಾಗಿ ಪ್ರಿಂಟರಿಗೆ ಕಳಿಸುತ್ತದೆ. ಒಂದು ಸಿಕ್ಕಿಹಾಕಿಕೊಂಡರೆ ಹಿಂದಿನವೆಲ್ಲ ಅಲ್ಲೇ. ಎಷ್ಟೋ ಸಲ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸಾಕು, ಒಂದು ನಿಮಿಷದ ಕೆಲಸ.

ಮೇಡಂ ಸರ್ವೀಸಸ್ ಕಿಟಕಿ ತೆರೆದರು. ಸ್ಟಾಪ್, ಸ್ಟಾರ್ಟ್ ಎರಡೂ ಬೂದಿ ಬಣ್ಣಕ್ಕೆ ತಿರುಗಿ ಒತ್ತಲು ಬರುವುದಿಲ್ಲ. ಕಮಾಂಡ್ ಬರೆಯುವ ಕಪ್ಪು ಕಿಟಕಿಯಲ್ಲಿ 'ನೆಟ್ ಸ್ಟಾಪ್ ಸ್ಪೂಲರ್' ಅಂತ ಬರೆದರು. 'ಸಿಸ್ಟಂ ಎರರ್ 5, ಆಕ್ಸೆಸ್ ಈಸ್ ಡಿನೈಡ್.' ಅನುಮತಿ ಇಲ್ಲ ಅಂತ. ಯಾಕೆಂದರೆ ಅವರು ಕಂಪ್ಯೂಟರಿನ ಪೂರ್ತಿ ಅಧಿಕಾರ ಇರುವ ಅಡ್ಮಿನ್ ಅಲ್ಲ, ಬರೀ ಯೂಸರ್. ತಮಾಷೆ ಏನು ಗೊತ್ತಾ? ಇಡೀ ಕಂಪ್ಯೂಟರನ್ನೇ ಆಫ್ ಮಾಡಲು ಅವರಿಗೆ ಅನುಮತಿ ಇದೆ. ಅದರೊಳಗಿನ ಒಂದು ಸ್ಪೂಲರ್ ನಿಲ್ಲಿಸಲು ಇಲ್ಲ!

ಅಡ್ಮಿನ್ ಪಾಸ್‌ವರ್ಡ್ ಇರುವುದು ಮೈಸೂರಿನಲ್ಲಿ, ಒಬ್ಬರ ಹತ್ತಿರ. ಸುಮಾರು 120 ಕಿಲೋಮೀಟರ್ ದೂರ. ಫೋನ್ ಮಾಡಿದರೆ ಅವರು ಮೀಟಿಂಗಿನಲ್ಲಿ. ಅವರು ಸಿಕ್ಕಾಗ ನಮ್ಮ ಕಡೆ ನೆಟ್‌ವರ್ಕ್ ಇಲ್ಲ. ಎರಡೂ ಕೂಡಿ ಬಂದಾಗ ಊಟದ ಹೊತ್ತು.

ಇದೇನೂ ಬಗೆಹರಿಯದ ಕಗ್ಗಂಟಲ್ಲ, ಅಲ್ವಾ? ವಿಂಡೋಸ್‌ನಲ್ಲಿ ಪ್ರತಿ ಸರ್ವೀಸಿಗೂ ಬೇರೆ ಬೇರೆ ಅನುಮತಿ ಪಟ್ಟಿ ಇದೆ. 'ಎಸ್‌ಸಿ ಎಸ್‌ಡಿಶೋ' ಅಂದರೆ ಪಟ್ಟಿ ತೋರಿಸುತ್ತದೆ, 'ಎಸ್‌ಡಿಸೆಟ್' ಅಂದರೆ ಬದಲಾಯಿಸುತ್ತದೆ. ಆರ್‌ಪಿ ಅಂದರೆ ಶುರು ಮಾಡುವ ಹಕ್ಕು, ಡಬ್ಲ್ಯೂಪಿ ಅಂದರೆ ನಿಲ್ಲಿಸುವ ಹಕ್ಕು. ಸ್ಪೂಲರ್ ಒಂದಕ್ಕೆ ಈ ಎರಡನ್ನು ಮೇಡಂಗೆ ಕೊಟ್ಟರೆ ಮುಗೀತು. ಕಚೇರಿಯ ಕಂಪ್ಯೂಟರ್‌ಗಳೆಲ್ಲ ಒಂದೇ ಡೊಮೈನಿನಲ್ಲಿದ್ದರೆ, ಅಂದರೆ ಒಂದೇ ಕಡೆಯಿಂದ ನೋಡಿಕೊಳ್ಳುವ ಜಾಲದಲ್ಲಿದ್ದರೆ, ಎಲ್ಲಕ್ಕೂ ಒಟ್ಟಿಗೆ ನಿಯಮ ಹಾಕುವ ಗ್ರೂಪ್ ಪಾಲಿಸಿಯಲ್ಲೇ ಮಾಡಬಹುದು. ಡಿಸಿ ಅನ್ನುವ, ಸರ್ವೀಸಿನ ಸೆಟ್ಟಿಂಗನ್ನೇ ಬದಲಾಯಿಸುವ ಹಕ್ಕನ್ನು ಮಾತ್ರ ಕೊಡಬಾರದು. ಅದು ಸಿಕ್ಕವರು ಸ್ಪೂಲರ್ ಬದಲು ತಮಗೆ ಬೇಕಾದ ಪ್ರೋಗ್ರಾಮನ್ನೇ 'ಸಿಸ್ಟಂ' ಅನ್ನುವ, ಎಲ್ಲಾ ಅಧಿಕಾರ ಇರುವ ಖಾತೆಯ ಹೆಸರಿನಲ್ಲಿ ಓಡಿಸಬಹುದು.

ನಮ್ಮ ತೋಟಗಳಲ್ಲಿ ಇದು ಮೊದಲಿಂದಲೂ ನಡೆದುಕೊಂಡು ಬಂದ ವ್ಯವಹಾರ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು, ರಾತ್ರಿ ಎಷ್ಟು ಹೊತ್ತಿಗೆ ಕರೆಂಟ್ ಬರುತ್ತದೋ ಆಗ ಮೋಟಾರ್ ಹಾಕಬೇಕು. ಅದಕ್ಕೆ ಕಾರ್ಮಿಕರ ಲೈನ್ ಮನೆಯ ಹುಡುಗನ ಕೈಗೆ ಪಂಪ್‌ಹೌಸ್ ಬೀಗದ ಕೈ ಕೊಡುತ್ತೇವೆ. ಕಾಫಿ ಗೋಡೌನ್ ಬೀಗದ ಕೈ ಕೊಡುವುದಿಲ್ಲ. ತೋಟದ ಪತ್ರವನ್ನಂತೂ ಕೊಡುವುದೇ ಇಲ್ಲ. ಇಷ್ಟು ತೋಟದ ಲೆಕ್ಕ ಬರೆಯುವ ರೈಟರಿಗೂ ಗೊತ್ತು.

ಕಚೇರಿಯಲ್ಲಿ ಮಾತ್ರ ಅನುಮತಿಗೆ ಎರಡೇ ಸೈಜು. ಒಂದೋ ಏನೂ ಇಲ್ಲ, ಇಲ್ಲಾಂದ್ರೆ ಎಲ್ಲಾ.

ಮೂರು ಗಂಟೆಗೆ ಮೈಸೂರಿನವರು ಸಿಕ್ಕರು. "ಸ್ಪೂಲರಿಗೆ ಮಾತ್ರ ಪರ್ಮಿಷನ್ ಕೊಡೋಕಾಗಲ್ವಾ ಸರ್?" ಅಂತ ಮೇಡಂ ಕೇಳಿದರು. "ಸೆಕ್ಯುರಿಟಿ ಪ್ರಾಬ್ಲಂ ಆಗುತ್ತೆ ಮೇಡಂ" ಅಂದರು. ಪೂರ್ತಿ ಸುಳ್ಳೇನಲ್ಲ, 2021ರಲ್ಲಿ ಇದೇ ಸ್ಪೂಲರಿನ ತೂತಿನಿಂದ ಪ್ರಪಂಚವೆಲ್ಲ ತಲೆ ಕೆಡಿಸಿಕೊಂಡಿತ್ತು. ಆದರೆ ಅಷ್ಟು ಹೇಳಿದವರು ಮುಂದಿನ ಉಸಿರಿನಲ್ಲೇ "ದಿನಾ ಫೋನ್ ಮಾಡಬೇಡಿ, ಬರ್ಕೊಳ್ಳಿ" ಅಂತ ಅಡ್ಮಿನ್ ಪಾಸ್‌ವರ್ಡನ್ನೇ ಹೇಳಿಬಿಟ್ಟರು! ಲೈನ್ ಸರಿ ಇಲ್ಲದ್ದಕ್ಕೆ ಮೇಡಂ ಅದನ್ನು ಗಟ್ಟಿಯಾಗಿ ಎರಡು ಸಲ ತಿರುಗಿ ಹೇಳಿ ಖಚಿತ ಮಾಡಿಕೊಂಡರು. ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದರು.

ಆಗಸ್ಟಿನಲ್ಲಿ ಮತ್ತೆ ಹೋಗಿದ್ದೆ. ನಮ್ಮ ಮಳೆಗಾಲ ಗೊತ್ತಲ್ಲ, ಗೋಡೆಗೆ ಹಾಕಿದ ಕ್ಯಾಲೆಂಡರಿಗೂ ಬೂಸ್ಟು ಹಿಡಿಯುತ್ತದೆ. ಚೀಟಿಯ ಶಾಯಿ ಹರಡಿಹೋಗಿತ್ತು ಅಂತ ಅದಕ್ಕೆ ಲ್ಯಾಮಿನೇಶನ್ ಮಾಡಿಸಿದ್ದರು. ಸ್ಪೂಲರ್ ಮತ್ತೆ ನಿಂತಿತ್ತು. ಮೇಡಂ ರಜೆ, ಹೊಸ ಹುಡುಗ ಪಾಸ್‌ವರ್ಡ್ ಹಾಕುತ್ತಾನೆ, ತಪ್ಪು ಅನ್ನುತ್ತದೆ. ಇನ್ನೊಮ್ಮೆ ಹಾಕಿದ. ತಪ್ಪು.

ಕ್ಯೂನ ಹಿಂದಿನಿಂದ ಅದೇ ಅಜ್ಜನ ದನಿ.

"ಮೊದಲಕ್ಷರ ದೊಡ್ಡದು ಹಾಕು ಮಗ."